ಮೊದಲ ಟ್ರಯಥ್ಲಾನ್‌ಗೆ ಯಾವ ಸೈಕಲ್? ರೋಡ್ ಬೈಕ್, ಟ್ರೈ ಬೈಕ್ ಮತ್ತು ಗೋವಾದ ರಸ್ತೆ

ಪಣಜಿಯ ಮೀರಾಮಾರ್ ಬೀಚಿನಲ್ಲಿ 2019ರಲ್ಲಿ ಮೊದಲ ಸಲ ಐರನ್‌ಮ್ಯಾನ್ 70.3 ಎಂಬ ಈಜು-ಸೈಕಲ್-ಓಟದ ಸ್ಪರ್ಧೆ ನಡೆದಾಗಿನಿಂದ ಗೋವಾದ ಕನ್ನಡಿಗರಿಗೆ ಟ್ರಯಥ್ಲಾನ್ ದೂರದ ಊರಿನ ಸುದ್ದಿಯಾಗಿ ಉಳಿದಿಲ್ಲ. ವಾಸ್ಕೋ, ಮಡಗಾಂವ್, ಮಾಪ್ಸಾದಲ್ಲಿ ನೆಲೆಸಿದವರಷ್ಟೇ ಅಲ್ಲ, ಬೆಳಗಾವಿ, ಹುಬ್ಬಳ್ಳಿ, ಕಾರವಾರದಿಂದಲೂ ಸೈಕಲ್ ಹೇರಿಕೊಂಡು ಬರುವವರಿದ್ದಾರೆ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇಲ್ಲಿ ಸ್ಪರ್ಧೆ ಮುಗಿಸಿದ ಮೇಲಂತೂ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಎಂಬ ಲೆಕ್ಕ ನಮ್ಮ ಮನೆಮಾತಿನಲ್ಲೂ ಕೇಳಿಬರುತ್ತಿದೆ. ಈಜಿಗೆ ಒಂದು ಜೊತೆ ಗಾಗಲ್ಸ್, ಓಟಕ್ಕೆ ಒಂದು ಜೊತೆ ಶೂ ಸಾಕು. ದುಡ್ಡು ಹೋಗುವುದು ಸೈಕಲ್‌ಗೆ. ತಲೆ ಕೆಡುವುದೂ ಅಲ್ಲೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸೈಕಲ್ ಕೊಳ್ಳುವವರು ಬಾಗಿದ ಹ್ಯಾಂಡಲ್‌ನ ರೋಡ್ ಬೈಕನ್ನೇ ಕೊಳ್ಳಿ. ಅದನ್ನು ಮೈಗೆ ಹೊಂದುವಂತೆ ಫಿಟ್ ಮಾಡಿಸಿ, ನಾಲ್ಕೈದು ತಿಂಗಳು ಓಡಿಸಿ, ಆಮೇಲೆ ಅದೇ ಹ್ಯಾಂಡಲ್‌ಗೆ ಕ್ಲಿಪ್-ಆನ್ ಏರೋಬಾರ್, ಅಂದರೆ ಮೊಣಕೈ ಊರಿ ಮುಂದಕ್ಕೆ ಬಗ್ಗಿ ಮಲಗಲು ಬಿಗಿಯುವ ಎರಡು ಕೊಳವೆ, ಹಾಕಿಸಿ. ಟ್ರಯಥ್ಲಾನ್‌ಗೆಂದೇ ಮಾಡಿದ ಟ್ರೈ ಬೈಕಿಗೂ ಒಂದು ಕಾಲ ಬರುತ್ತದೆ, ಅದನ್ನು ಗುರುತಿಸುವ ಲಕ್ಷಣಗಳೂ ಇವೆ. ಆದರೆ ಕಾರಣ ಗೊತ್ತಿಲ್ಲದೆ ಬರೀ ಸಲಹೆ ಹಿಡಿದುಕೊಂಡು ಹೋದರೆ, ಅಂಗಡಿಯಲ್ಲಿ ಕಾರ್ಬನ್ ಫ್ರೇಮ್ ಹೊಳೆದ ಕೂಡಲೇ ಮನಸ್ಸು ಜಾರುತ್ತದೆ.

ಕೂರುವ ರೀತಿಯಲ್ಲೇ ಇರುವ ವ್ಯತ್ಯಾಸ

ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್‌ನಿಂದ ಸೀಟಿನ ಕಡೆ ಏರುವ ಕೊಳವೆಗೆ ಸೀಟ್ ಟ್ಯೂಬ್ ಎನ್ನುತ್ತಾರೆ. ರೋಡ್ ಬೈಕಿನಲ್ಲಿ ಅದು ನೆಲಕ್ಕೆ 72ರಿಂದ 74 ಡಿಗ್ರಿ ಕೋನದಲ್ಲಿರುತ್ತದೆ. ಟ್ರೈ ಬೈಕಿನಲ್ಲಿ 76ರಿಂದ 80. ನಾಲ್ಕೈದು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ ಬಾಟಮ್ ಬ್ರಾಕೆಟ್‌ನಿಂದ 70 ಸೆಂ.ಮೀ. ಮೇಲಿರುವ ಸೀಟು ಇಷ್ಟರಿಂದಲೇ 5ರಿಂದ 6 ಸೆಂ.ಮೀ. ಮುಂದಕ್ಕೆ ಬರುತ್ತದೆ.

ಇದರ ಅರ್ಥ ತಿಳಿಯಲು ಸೈಕಲ್ ಬೇಕಿಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಂತೆ ಕೂತು, ಎದೆಯನ್ನು ತೊಡೆಯ ಕಡೆ ಬಗ್ಗಿಸಿ, ಒಂದು ಮೊಣಕಾಲನ್ನು ಮೇಲೆತ್ತಿ. ಹೊಟ್ಟೆ ಒತ್ತುತ್ತದೆ, ಉಸಿರು ಕಟ್ಟುತ್ತದೆ, ಕಾಲು ಮೇಲೇಳುವುದೇ ಇಲ್ಲ. ಈಗ ಕುರ್ಚಿಯ ಅಂಚಿಗೆ ಜರುಗಿ, ಕಾಲನ್ನು ಸ್ವಲ್ಪ ಹಿಂದಕ್ಕೆ ಊರಿ, ಅಷ್ಟೇ ಬಗ್ಗಿ ಮತ್ತೆ ಮೊಣಕಾಲು ಎತ್ತಿ. ಈ ಸಲ ಜಾಗ ಸಿಗುತ್ತದೆ. ತೊಡೆ ಮತ್ತು ಮುಂಡದ ನಡುವಿನ ಈ ಕೋನವೇ ಸೊಂಟದ ಕೋನ. ಟ್ರೈ ಬೈಕ್ ಸವಾರರನ್ನು ಇಡಿಯಾಗಿ ಮುಂದಕ್ಕೆ ಉರುಳಿಸುತ್ತದೆ. ಹಾಗಾಗಿ ಬೆನ್ನು ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗಿದರೂ ಸೊಂಟದ ಕೋನ ಮುಚ್ಚುವುದಿಲ್ಲ. ರೋಡ್ ಬೈಕಿನಲ್ಲಿ ಸೀಟನ್ನು ಇದ್ದಲ್ಲೇ ಬಿಟ್ಟು ಅಷ್ಟೇ ಬಗ್ಗಿದರೆ ಮೊಣಕಾಲು ಪಕ್ಕೆಲುಬಿಗೆ ಬಡಿಯುತ್ತದೆ.

ಟ್ರೈ ಬೈಕ್ ಓಟಕ್ಕೆ ಕಾಲು ಉಳಿಸುತ್ತದೆ ಎಂಬ ಮಾತನ್ನು ಮಾರುವವರು ಗಟ್ಟಿಯಾಗಿ ಹೇಳುತ್ತಾರೆ. ಸೊಂಟ ತೆರೆದಿರುವುದರಿಂದ ಸೈಕಲ್ ಇಳಿದ ಮೊದಲ ಒಂದೆರಡು ಕಿ.ಮೀ. ಹಗುರ ಅನಿಸಬಹುದು, ಅದರಲ್ಲಿ ಹುರುಳಿದೆ. ಆದರೆ ಹೊಸಬರ ಕಾಲು ಓಟದಲ್ಲಿ ಕುಸಿಯುವುದು ಬಹುಮಟ್ಟಿಗೆ ಬೇರೆ ಕಾರಣಕ್ಕೆ. ಸೈಕಲ್ ಮೇಲೆ ಮೊದಲ 30 ಕಿ.ಮೀ. ಉತ್ಸಾಹದಲ್ಲಿ ಮೀರಿ ತುಳಿದಿರುತ್ತಾರೆ, ನೀರು-ಉಪ್ಪು ಸಾಕಷ್ಟು ಒಳಗೆ ಹೋಗಿರುವುದಿಲ್ಲ. ಇವೆರಡನ್ನೂ ಯಾವ ಫ್ರೇಮೂ ಸರಿಪಡಿಸುವುದಿಲ್ಲ.

ಎರಡನೇ ವ್ಯತ್ಯಾಸ ಕೈಗಳದ್ದು. ರೋಡ್ ಬೈಕಿನ ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕ್ ಮತ್ತು ಗೇರ್ ಒಂದೇ ಲಿವರಿನಲ್ಲಿರುತ್ತವೆ. ಲಿವರಿನ ಗೂಡಿನ ಮೇಲೆ, ಅಂದರೆ ಹುಡ್ ಮೇಲೆ ಕೈ ಇದ್ದರೂ, ಕೆಳಗಿನ ಡ್ರಾಪ್ ಹಿಡಿದಿದ್ದರೂ ಬೆರಳು ಬ್ರೇಕಿಗೆ ಎಟುಕುತ್ತದೆ. ಟ್ರೈ ಬೈಕಿನಲ್ಲಿ ಅಗಲವಾದ ಬೇಸ್ ಬಾರ್ ಮೇಲೆ ಬ್ರೇಕು, ಮುಂದಕ್ಕೆ ಚಾಚಿದ ಎರಡು ಎಕ್ಸ್‌ಟೆನ್ಶನ್‌ಗಳ ತುದಿಯಲ್ಲಿ ಗೇರು, ಮೊಣಕೈ ಊರಲು ಪ್ಯಾಡು. ಮಲಗಿದ ಭಂಗಿಯಲ್ಲಿ ಬ್ರೇಕ್ ಕೈಗೆ ಸಿಗದು. ಗಂಟೆಗೆ 32 ಕಿ.ಮೀ. ವೇಗದಲ್ಲಿ ಸೈಕಲ್ ಸೆಕೆಂಡಿಗೆ ಸುಮಾರು 9 ಮೀಟರ್ ಹೋಗುತ್ತದೆ. ಕೈ ಎತ್ತಿ ಬೇಸ್ ಬಾರ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೂ ಬ್ರೇಕ್ ಒತ್ತುವ ಮೊದಲೇ 9 ಮೀಟರ್ ಮುಗಿಯಿತು. ಅಡ್ಡರಸ್ತೆಯಿಂದ ಬಾಡಿಗೆ ಸ್ಕೂಟರ್ ನುಗ್ಗುವ, ತಿರುವಿನಲ್ಲಿ ದನ ಮಲಗಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಗಾಳಿಯ ಲೆಕ್ಕ

ಹಾಗಿದ್ದರೂ ಜನ ಯಾಕೆ ಮಲಗಿ ಓಡಿಸುತ್ತಾರೆ? ಸಪಾಟು ರಸ್ತೆಯಲ್ಲಿ ಗಂಟೆಗೆ 29 ಕಿ.ಮೀ. ವೇಗದಲ್ಲಿ ತುಳಿಯುವ ಶಕ್ತಿಯಲ್ಲಿ ಮುಕ್ಕಾಲು ಪಾಲಿನ ಹತ್ತಿರ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಆ ಗಾಳಿಯಲ್ಲೂ ದೊಡ್ಡ ಪಾಲನ್ನು ತಡೆಯುವುದು ಸವಾರರ ಮೈ, ಸೈಕಲ್‌ನದ್ದು ಸಣ್ಣ ಪಾಲು. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ತೀರುತ್ತದೆ.

ಸಂಖ್ಯೆಯಲ್ಲೇ ನೋಡೋಣ. ಸವಾರರೂ ಸೈಕಲ್ಲೂ ಸೇರಿ 82 ಕಿಲೋ, ಸಮತಟ್ಟು ರಸ್ತೆ, ಗಾಳಿ ಇಲ್ಲ, ಡಾಂಬರು ಸಾಧಾರಣ, ತುಳಿತ ಒಂದೇ ಸಮ 150 ವ್ಯಾಟ್ ಎಂದು ಇಟ್ಟುಕೊಳ್ಳಿ. ಪ್ರತಿ ಭಂಗಿಯ ಗಾಳಿತಡೆಗೆ ವಾಡಿಕೆಯ ಮೌಲ್ಯ ಹಾಕಿ ಲೆಕ್ಕ ಮಾಡಿದರೆ, ಹುಡ್ ಮೇಲೆ ಕೈಯಿಟ್ಟು ಕೂತವರು 90 ಕಿ.ಮೀ. ದೂರವನ್ನು ಸುಮಾರು 3 ಗಂಟೆ 7 ನಿಮಿಷದಲ್ಲಿ ಮುಗಿಸುತ್ತಾರೆ. ಅದೇ ರೋಡ್ ಬೈಕಿಗೆ ಕ್ಲಿಪ್-ಆನ್ ಹಾಕಿ ಮಲಗಿದರೆ 2 ಗಂಟೆ 56 ನಿಮಿಷ. ಚೆನ್ನಾಗಿ ಫಿಟ್ ಆದ ಟ್ರೈ ಬೈಕಿನಲ್ಲಿ 2 ಗಂಟೆ 50 ನಿಮಿಷ. ಒಟ್ಟು 17 ನಿಮಿಷದ ಉಳಿತಾಯದಲ್ಲಿ ಮೂರನೇ ಎರಡು ಪಾಲನ್ನು ಕೆಲವೇ ಸಾವಿರ ರೂಪಾಯಿಯ ಎರಡು ಕೊಳವೆ ಕೊಡುತ್ತವೆ. ಉಳಿದ 6 ನಿಮಿಷಕ್ಕೆ ಲಕ್ಷಗಳ ಬೆಲೆ.

ನಿಧಾನ ಹೋಗುವವರಿಗೆ ಗಾಳಿ ತಪ್ಪಿಸುವ ಏರೋ ಭಂಗಿ ಯಾಕೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ತಪ್ಪು. ಇದೇ ಲೆಕ್ಕವನ್ನು 100 ವ್ಯಾಟ್‌ಗೆ ಮಾಡಿದರೆ ಹುಡ್ ಮೇಲೆ 3 ಗಂಟೆ 42 ನಿಮಿಷ, ಕ್ಲಿಪ್-ಆನ್ ಮೇಲೆ 3 ಗಂಟೆ 29 ನಿಮಿಷ: 13 ನಿಮಿಷ ಉಳಿಯಿತು. ವೇಗ ಕಡಿಮೆಯಾದಾಗ ಗಾಳಿಯ ಪಾಲು ತಗ್ಗುತ್ತದೆ ನಿಜ, ಆದರೆ ರಸ್ತೆಯ ಮೇಲೆ ಇರುವ ಹೊತ್ತು ಹೆಚ್ಚುವುದರಿಂದ ನಿಮಿಷಗಳ ಲೆಕ್ಕದಲ್ಲಿ ನಿಧಾನದವರಿಗೇ ಲಾಭ ಜಾಸ್ತಿ.

ಆದರೆ ಈ ಎಲ್ಲ ಸಂಖ್ಯೆಗಳೂ ಒಂದು ಷರತ್ತಿನ ಮೇಲೆ ನಿಂತಿವೆ: ಆ ಭಂಗಿಯಲ್ಲಿ ಉದ್ದಕ್ಕೂ ಇರಬೇಕು. ಹೊಸಬರು ಟ್ರೈ ಬೈಕ್ ಏರಿದಾಗ ಆಗುವುದೇ ಬೇರೆ. 20 ನಿಮಿಷಕ್ಕೆ ಕತ್ತು ಹಿಡಿಯುತ್ತದೆ, ಸೀಟಿನ ಮೂತಿ ಒತ್ತಿ ಜೋಮು ಬರುತ್ತದೆ, ಎದುರಿಂದ ಬಸ್ಸು ಬಂದರೆ ಎದೆ ಡವಡವ. ಎದ್ದು ಬೇಸ್ ಬಾರ್ ಹಿಡಿಯುತ್ತಾರೆ. ಬೇಸ್ ಬಾರ್ ಹಿಡಿದು ಕೂತ ಮೈಗೆ ಗಾಳಿ ಹೆಚ್ಚುಕಡಿಮೆ ಹುಡ್ ಮೇಲೆ ಕೂತಷ್ಟೇ ಬಡಿಯುತ್ತದೆ. 150 ವ್ಯಾಟಿನ ಅದೇ ಸವಾರರು ಟ್ರೈ ಬೈಕಿನ ಮೇಲೆ ಅರ್ಧ ದೂರ ಮಲಗಿ ಅರ್ಧ ದೂರ ಎದ್ದು ಕೂತರೆ 2 ಗಂಟೆ 59 ನಿಮಿಷ ಹಿಡಿಯುತ್ತದೆ. ಕ್ಲಿಪ್-ಆನ್ ಮೇಲೆ ಪೂರ್ತಿ ದೂರ ಮಲಗಿದವರು 2 ಗಂಟೆ 56 ನಿಮಿಷಕ್ಕೇ ಬಂದಾಗಿರುತ್ತದೆ. ಸಮಯ ಉಳಿಸುವುದು ಎಷ್ಟು ಹೊತ್ತು ಬಿಡದೆ ಹಿಡಿಯಬಲ್ಲಿರಿ ಎಂಬುದು. ಆ ಶಕ್ತಿ ಕತ್ತು, ಹೊಟ್ಟೆ, ಭುಜದ ಸ್ನಾಯುಗಳಲ್ಲಿ ತಿಂಗಳುಗಟ್ಟಲೆ ಬೆಳೆಯಬೇಕು.

ಸಮಯದ ಗಡುವಿನ ಭಯವಿರುವವರಿಗೂ ಒಂದು ಮಾತು. 70.3 ಸ್ಪರ್ಧೆಯ ವಾಡಿಕೆಯ ನಿಯಮದಂತೆ ಒಟ್ಟು 8 ಗಂಟೆ 30 ನಿಮಿಷ ಸಿಗುತ್ತದೆ, ಸೈಕಲ್ ಭಾಗವನ್ನು ಈಜು ಶುರುವಾದ 5 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಈಜಿಗೆ 1 ಗಂಟೆ 5 ನಿಮಿಷ, ಬಟ್ಟೆ-ಶೂ ಬದಲಾವಣೆಗೆ 10 ನಿಮಿಷ ಹೋದರೂ 90 ಕಿ.ಮೀ.ಗೆ 4 ಗಂಟೆ 15 ನಿಮಿಷ ಉಳಿಯುತ್ತದೆ. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ಸರಾಸರಿ. ಇದು ಮಾಮೂಲಿ ರೋಡ್ ಬೈಕಿನಲ್ಲಿ, ಅಭ್ಯಾಸವಿದ್ದರೆ, ಆರಾಮಾಗಿ ಸಿಗುವ ವೇಗ. ಇನ್ನು ಮೊದಲ ಸ್ಪರ್ಧೆ 20 ಕಿ.ಮೀ. ಸೈಕಲ್ ಇರುವ ಸ್ಪ್ರಿಂಟ್ ಆಗಿದ್ದರೆ ಹುಡ್‌ಗೂ ಕ್ಲಿಪ್-ಆನ್‌ಗೂ ಇರುವ ಅಂತರ ಎರಡೂವರೆ ನಿಮಿಷ, ಅಷ್ಟೇ.

ಗೋವಾದ ರಸ್ತೆ ಏನು ಕೇಳುತ್ತದೆ

ಗೋವಾ ಅಂದರೆ ಸಮುದ್ರಮಟ್ಟದ ಸಪಾಟು ಊರು ಎಂದುಕೊಂಡು ಬಂದವರು ಬಾಂಬೋಳಿಯ ಏರಿನಲ್ಲಿ, ಕುಠ್ಠಾಳಿಯಿಂದ ವೆರ್ಣಾ ಪ್ರಸ್ಥಭೂಮಿಗೆ ಹತ್ತುವಾಗ ಏದುಸಿರು ಬಿಡುತ್ತಾರೆ. ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು ನದಿಗೆ ಇಳಿದು ಮತ್ತೆ ಏಳುವ ನೆಲ ಇದು. ಏರು ಉದ್ದವಲ್ಲ, ಆದರೆ ಮೇಲಿಂದ ಮೇಲೆ ಬರುತ್ತದೆ. ಇಲ್ಲಿ ಗೇರ್ ಅನುಪಾತ ಫ್ರೇಮಿಗಿಂತ ಮುಖ್ಯ.

8 ಪ್ರತಿಶತ ಏರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿಯುತ್ತೀರಿ ಎಂದುಕೊಳ್ಳಿ. ಮುಂದೆ 34 ಹಲ್ಲಿನ ಚೈನ್‌ರಿಂಗ್, ಹಿಂದೆ 32 ಹಲ್ಲಿನ ಚಕ್ರ ಇದ್ದರೆ ವೇಗ ಗಂಟೆಗೆ 9.4 ಕಿ.ಮೀ., ಮೇಲಿನ ಅದೇ 82 ಕಿಲೋಗೆ ಬೇಕಾದ ಶಕ್ತಿ ಸುಮಾರು 190 ವ್ಯಾಟ್. ಹಳೆಯ ಟ್ರೈ ಬೈಕುಗಳಲ್ಲಿ ಸಾಮಾನ್ಯವಾದ ಮುಂದೆ 39, ಹಿಂದೆ 25 ಜೋಡಿಯಲ್ಲಿ ಅದೇ ಸುತ್ತಿಗೆ 285 ವ್ಯಾಟ್ ಬೇಕು. ಅಷ್ಟು ಶಕ್ತಿ ಇಲ್ಲದವರ ಸುತ್ತು 45ಕ್ಕೆ ಇಳಿಯುತ್ತದೆ, ಮೊಣಕಾಲಿನ ಮೇಲೆ ಭಾರ ಬೀಳುತ್ತದೆ, ಅದರ ಬಾಕಿಯನ್ನು ಓಟದಲ್ಲಿ ತೀರಿಸಬೇಕಾಗುತ್ತದೆ. ಜೊತೆಗೆ, ಮೆಕ್ಯಾನಿಕಲ್ ಗೇರಿನ ಟ್ರೈ ಬೈಕಿನಲ್ಲಿ ಏರು ಹತ್ತಲು ಬೇಸ್ ಬಾರ್ ಹಿಡಿದಿದ್ದರೆ ಗೇರ್ ಬದಲಿಸಲು ಪ್ರತಿ ಸಲ ಒಂದು ಕೈಯನ್ನು ಎಕ್ಸ್‌ಟೆನ್ಶನ್ ತುದಿಗೆ ಒಯ್ಯಬೇಕು. ಎಲೆಕ್ಟ್ರಾನಿಕ್ ಗೇರಿನಲ್ಲಿ ಎರಡೂ ಕಡೆ ಗುಂಡಿ ಇಡಬಹುದು. ಆದರೆ ಬೆಲೆ ಅಲ್ಲಿಂದ ಮತ್ತೊಂದು ಮೆಟ್ಟಿಲು ಏರುತ್ತದೆ.

ಇನ್ನು ಮಳೆ. ಸ್ಪರ್ಧೆ ಅಕ್ಟೋಬರ್-ನವೆಂಬರಿನಲ್ಲಿ. ಅಂದರೆ ತಯಾರಿಯ ತಿಂಗಳುಗಳು ಜೂನ್‌ನಿಂದ ಸೆಪ್ಟೆಂಬರ್, ಗೋವಾದ ಮಳೆಗಾಲಕ್ಕೆ ಸರಿಯಾಗಿ ಬೀಳುತ್ತವೆ. ಕೆಂಪು ಮಣ್ಣು ಹರಿದು ತಿರುವುಗಳಲ್ಲಿ ಜಾರುಪದರ ಕಟ್ಟುತ್ತದೆ, ಗುಂಡಿಗಳು ನೀರಿನಡಿ ಅಡಗುತ್ತವೆ, ವೇಗ ತಗ್ಗಿಸುವ ರಂಬ್ಲರ್ ಪಟ್ಟಿಗಳ ಬಣ್ಣ ಒದ್ದೆಯಾದರೆ ಎಣ್ಣೆ ಹಚ್ಚಿದಂತೆ. ಈ ಕಾಲದಲ್ಲಿ ಮಲಗಿ ಓಡಿಸುವುದು ಅಪಾಯ. ಹಾಗಾಗಿ ಜೂನ್‌ನಲ್ಲಿ ಕೊಂಡ ಟ್ರೈ ಬೈಕ್ ನಾಲ್ಕು ತಿಂಗಳು ಹಾಲ್‌ನಲ್ಲಿ, ಇದ್ದಲ್ಲೇ ತುಳಿಯುವ ಟ್ರೈನರ್ ಮೇಲೆ ನಿಂತಿರುತ್ತದೆ. ಕಾಲಿಗೆ ಬಲ ಬರುತ್ತದೆ, ಆದರೆ ತಿರುವು ತೆಗೆಯುವುದು, ಬ್ರೇಕ್ ಹದ ಮಾಡುವುದು, ಬಾಟಲಿ ತೆಗೆದು ಕುಡಿದು ಮತ್ತೆ ಇಡುವುದು ಇವೆಲ್ಲ ಕಲಿಯದೇ ಸ್ಪರ್ಧೆಯ ದಿನ ಬಂದುಬಿಡುತ್ತದೆ. ಡಿಸ್ಕ್ ಬ್ರೇಕ್, 28 ಮಿ.ಮೀ. ಟೈರ್ ಇರುವ ರೋಡ್ ಬೈಕ್ ಆದರೆ ಮಳೆ ಬಿಡುವು ಕೊಟ್ಟ ಬೆಳಿಗ್ಗೆಯೆಲ್ಲ ಹೊರಗೆ ಹೋಗಬಹುದು. ಭಾನುವಾರ ಗೆಳೆಯರ ಗುಂಪಿನ ಜೊತೆ ದೀವಾಡಿಗೋ, ಚೋರ್ಲಾ ಘಾಟಿಗೋ ಹೊರಟರೂ ಅದೇ ಸೈಕಲ್ ಸಾಕು. ಗುಂಪಿನೊಳಗೆ ಏರೋಬಾರ್ ಮೇಲೆ ಮಲಗಿದವರನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು.

ರೋಡ್ ಬೈಕ್ ಕೊಳ್ಳುವಾಗ

ಶಿಮಾನೋ ಕಂಪನಿಯ ಕ್ಲಾರಿಸ್ ಅಥವಾ ಸೋರಾ ಗೇರಿನ ಅಲ್ಯುಮಿನಿಯಂ ರೋಡ್ ಬೈಕ್ ಸುಮಾರು 50 ಸಾವಿರದಿಂದ 1 ಲಕ್ಷದೊಳಗೆ ಸಿಗುತ್ತದೆ. ಮೊದಲ ಸ್ಪರ್ಧೆಗೆ ಇದು ಧಾರಾಳವಾಯಿತು. ರೇಸ್ ಫ್ರೇಮಿಗಿಂತ ಹ್ಯಾಂಡಲ್ ತುಸು ಎತ್ತರದಲ್ಲಿರುವ ಎಂಡ್ಯೂರೆನ್ಸ್ ಫ್ರೇಮನ್ನೇ ಆರಿಸಿ. ಮುಂದೆ 50/34, ಹಿಂದೆ 11-32 ಅಥವಾ 11-34 ಹಲ್ಲಿನ ಗೇರ್ ಕೇಳಿ. ಟೈರಿಗೆ 28 ಮಿ.ಮೀ. ಹಿಡಿಸುವ ಜಾಗ ಇರಲೇಬೇಕು, 32 ಹಿಡಿಸಿದರೆ ಇನ್ನೂ ಒಳ್ಳೆಯದು. 70 ಕಿಲೋ ತೂಕದವರಿಗೆ 28 ಮಿ.ಮೀ. ಟೈರಿನಲ್ಲಿ 70ರಿಂದ 75 ಪಿ.ಎಸ್.ಐ. ಸಾಕು. ಟೈರ್ ಕಲ್ಲಾಗುವಷ್ಟು ಗಾಳಿ ತುಂಬಿದರೆ ವೇಗ ಹೆಚ್ಚುತ್ತದೆ ಎಂಬುದು ನಮ್ಮ ಒರಟು ಡಾಂಬರಿಗೆ ಹೊಂದದ ನಂಬಿಕೆ. ಸೈಕಲ್ ಕುಪ್ಪಳಿಸಿದಾಗಲೆಲ್ಲ ತುಳಿದ ಶಕ್ತಿ ಸೋರುತ್ತದೆ.

ಮುಂದೆ ಕ್ಲಿಪ್-ಆನ್ ಹಾಕುವ ಯೋಚನೆ ಇದ್ದರೆ ಕೊಳ್ಳುವಾಗಲೇ ಎರಡು ಸಂಗತಿ ನೋಡಿ. ಹ್ಯಾಂಡಲ್‌ನ ಮೇಲ್ಭಾಗ, ಅದನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್‌ನ ಎರಡೂ ಬದಿ ದುಂಡಗೆ, 31.8 ಮಿ.ಮೀ. ದಪ್ಪಕ್ಕೆ ಇರಬೇಕು. ಚಪ್ಪಟೆ ಏರೋ ಹ್ಯಾಂಡಲ್‌ಗೆ ಕ್ಲ್ಯಾಂಪ್ ಕೂರುವುದಿಲ್ಲ. ಕಾರ್ಬನ್ ಹ್ಯಾಂಡಲ್ ಆದರೆ ಕ್ಲ್ಯಾಂಪ್ ಹಾಕಬಹುದೆಂದು ತಯಾರಕರು ಬರೆದಿರಬೇಕು, ಇಲ್ಲದಿದ್ದರೆ ಬಿಗಿದ ಜಾಗದಲ್ಲಿ ಬಿರುಕು ಬಿಡುತ್ತದೆ. ಎರಡನೆಯದು, ಸೀಟನ್ನು ಹೊರುವ ಸೀಟ್‌ಪೋಸ್ಟ್ ಮಾಮೂಲಿ ದುಂಡನೆಯದಿರಲಿ. ಬೇಕಾದಾಗ ಹಿಂಬಾಗು ಇಲ್ಲದ ಪೋಸ್ಟ್ ಹಾಕಿ ಸೀಟನ್ನು ಮುಂದಕ್ಕೆ ತರಬಹುದು.

ಕ್ಲಿಪ್-ಆನ್ ಹಾಕುವುದು ಹೇಗೆ, ಕೆಡುವುದು ಎಲ್ಲಿ

ಬಹಳ ಜನ ಇಲ್ಲೇ ಎಡವುತ್ತಾರೆ. ಏರೋಬಾರ್ ಕೊಂಡು, ಹ್ಯಾಂಡಲ್‌ಗೆ ಬಿಗಿದು, ಉಳಿದದ್ದೆಲ್ಲ ಇದ್ದಂತೆಯೇ ಬಿಟ್ಟು ಮಲಗುತ್ತಾರೆ. ಮೈ ಉದ್ದಕ್ಕೆ ಎಳೆದಂತಾಗಿ ಸೀಟಿನ ಮೂತಿಗೆ ಜಾರುತ್ತದೆ, ತೊಡೆಸಂದು ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ. ಏರೋಬಾರ್ ತನಗಲ್ಲ ಎಂದು ಬಿಚ್ಚಿಡುತ್ತಾರೆ. ತಪ್ಪು ಏರೋಬಾರಿನದಲ್ಲ.

ಮೊದಲು ಸೀಟನ್ನು 1ರಿಂದ 3 ಸೆಂ.ಮೀ. ಮುಂದಕ್ಕೆ ತನ್ನಿ. ಸೀಟಿನ ಹಳಿಯ ಮೇಲೆ ಗುರುತು ಹಾಕಿರುವ ಮಿತಿಯನ್ನು ದಾಟಬೇಡಿ. ಮುಂದೆ ಬಂದಷ್ಟೂ ಪೆಡಲಿಗೆ ಹತ್ತಿರವಾಗುವುದರಿಂದ ಪ್ರತಿ 1 ಸೆಂ.ಮೀ.ಗೆ 3 ಮಿ.ಮೀ.ಯಷ್ಟು ಸೀಟನ್ನು ಎತ್ತಬೇಕು. ಮೂತಿಯನ್ನು ಒಂದೆರಡು ಡಿಗ್ರಿ ಮಾತ್ರ ಕೆಳಗೆ ಬಾಗಿಸಿ. ಹೆಚ್ಚು ಬಾಗಿಸಿದರೆ ಮೈ ಜಾರಿ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಅಷ್ಟಾದರೂ ಜೋಮು ಹೋಗದಿದ್ದರೆ ಮೂತಿ ಸೀಳಿದ ಟ್ರಯಥ್ಲಾನ್ ಸೀಟು ಬೇಕು. ಮಲಗಿದಾಗ ಸೊಂಟದ ಮೂಳೆ ಮುಂದಕ್ಕೆ ಉರುಳುತ್ತದೆ, ಭಾರ ಮೂಳೆ ಬಿಟ್ಟು ಮೆದು ಭಾಗಕ್ಕೆ ಬೀಳುತ್ತದೆ, ನರ ಒತ್ತುತ್ತದೆ. ಜೋಮನ್ನು ಸಹಿಸಿಕೊಂಡು ಅಭ್ಯಾಸ ಮಾಡುವ ವಿಷಯವೇ ಅಲ್ಲ ಇದು.

ಆಮೇಲೆ ಪ್ಯಾಡ್. ಮೊಣಕೈ ಮೂಳೆ ಪ್ಯಾಡಿನ ಮೇಲೆ ಕೂರಬಾರದು, ಅದಕ್ಕಿಂತ ತುಸು ಮುಂದಿನ ಮುಂಗೈ ಮಾಂಸಲ ಭಾಗ ಕೂರಬೇಕು. ಮಲಗಿದಾಗ ತೋಳಿನ ಮೇಲ್ಭಾಗ ಮುಂಡಕ್ಕೆ ಹೆಚ್ಚುಕಡಿಮೆ ಲಂಬವಾಗಿರಲಿ. ಎಕ್ಸ್‌ಟೆನ್ಶನ್ ಉದ್ದ ಬೆರಳು ಸಡಿಲವಾಗಿ ಸುತ್ತುವಷ್ಟಿರಲಿ. ಕೈಚಾಚಿ ಹಿಡಿಯಬೇಕಾದರೆ ಉದ್ದ ಜಾಸ್ತಿ, ಸ್ಟೆಮ್ 1ರಿಂದ 2 ಸೆಂ.ಮೀ. ಚಿಕ್ಕದು ಹಾಕಿದರೂ ಸರಿಹೋಗುತ್ತದೆ. ಪ್ಯಾಡಿನ ಕೆಳಗೆ 2ರಿಂದ 3 ಸೆಂ.ಮೀ. ಸ್ಪೇಸರ್ ಇಟ್ಟು ಎತ್ತರದಿಂದಲೇ ಶುರು ಮಾಡಿ, ಎರಡು ಮೂರು ವಾರಕ್ಕೊಮ್ಮೆ 5ರಿಂದ 10 ಮಿ.ಮೀ. ಇಳಿಸುತ್ತ ಬನ್ನಿ. ಫೋಟೊದಲ್ಲಿ ಬೆನ್ನು ಸಪಾಟಾಗಿ ಕಾಣಬೇಕೆಂಬ ಆಸೆಗೆ ಮೊದಲ ದಿನವೇ ಇಳಿಸಿದವರ ಕತ್ತು ವಾರದೊಳಗೆ ಉತ್ತರ ಕೊಡುತ್ತದೆ.

ಕ್ಲ್ಯಾಂಪಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಅದರ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 5ರಿಂದ 6 ನ್ಯೂಟನ್ ಮೀಟರ್, ಬಿಗಿಯಿರಿ. ಸಡಿಲವಿದ್ದರೆ ಮೊದಲ ರಂಬ್ಲರಿನಲ್ಲೇ ಏರೋಬಾರ್ ಕೆಳಕ್ಕೆ ತಿರುಗುತ್ತದೆ, ಸವಾರರು ಮುಗ್ಗರಿಸುತ್ತಾರೆ. ಬಿಗಿದ ಮೇಲೆ ಸೈಕಲ್ ನಿಲ್ಲಿಸಿ, ಎರಡೂ ಪ್ಯಾಡಿನ ಮೇಲೆ ಮೈಭಾರ ಹಾಕಿ ಒತ್ತಿ ನೋಡಿ. ಕೊಳವೆಗಳ ತುದಿಗೆ ಮುಚ್ಚಳ ಹಾಕಿ. ತೆರೆದ ತುದಿ ಬಿದ್ದಾಗ ಮೈಗೆ ಚುಚ್ಚುತ್ತದೆ, ಸ್ಪರ್ಧೆಯ ತಪಾಸಣೆಯಲ್ಲೂ ಬಿಡುವುದಿಲ್ಲ.

ಅಭ್ಯಾಸಕ್ಕೆ ಬೆಳಗಿನ ಆರಕ್ಕೆ ಮುಂಚಿನ ಮೀರಾಮಾರ್–ದೋನಾ ಪಾವ್ಲಾ ರಸ್ತೆಯಂಥ ಖಾಲಿ ದಾರಿ ಸಾಕು. ಸೈಕಲ್‌ಗೆ ದೀಪ ಇರಲಿ. ಮೊದಲು 5 ನಿಮಿಷ, ಆಮೇಲೆ 10, ಹೀಗೆ ಏರಿಸಿ. ಸೀಟನ್ನು ಮುಂದೆ ತಂದ ರೋಡ್ ಬೈಕಿನಲ್ಲಿ ಮುಂಚಕ್ರದ ಮೇಲೆ ಭಾರ ಹೆಚ್ಚಿ ಹ್ಯಾಂಡಲ್ ಚಂಚಲವಾಗುತ್ತದೆ. ಕಣ್ಣು 20-30 ಮೀಟರ್ ಮುಂದೆ ನೆಟ್ಟಿದ್ದರೆ ಅದು ನೆಟ್ಟಗೆ ಹೋಗುತ್ತದೆ, ಚಕ್ರದ ಕಡೆ ನೋಡಿದರೆ ಓಲಾಡುತ್ತದೆ. ಟ್ರಾಫಿಕ್ಕಿನಲ್ಲಿ, ಇಳಿಜಾರಿನಲ್ಲಿ, ಒದ್ದೆ ರಸ್ತೆಯಲ್ಲಿ, ಮಾಂಡವಿ-ಜುವಾರಿ ಸೇತುವೆಗಳಂಥ ಅಡ್ಡಗಾಳಿ ಬೀಸುವ ಕಡೆ ಏಳಬೇಕು, ಕೈ ಬ್ರೇಕಿನ ಮೇಲಿರಬೇಕು.

ಟ್ರೈ ಬೈಕಿನ ಕಾಲ

ಕ್ಲಿಪ್-ಆನ್ ಮೇಲೆ ಏಳದೆ ಒಂದು ಗಂಟೆ ಇರಬಲ್ಲಿರಾ? ಮಲಗಿದಲ್ಲಿಂದಲೇ ಬಾಟಲಿ ತೆಗೆದು ಕುಡಿಯಲು ಬರುತ್ತದಾ? ವರ್ಷಕ್ಕೆ ಎರಡಾದರೂ 70.3 ಅಥವಾ ಅದಕ್ಕಿಂತ ಉದ್ದದ ಸ್ಪರ್ಧೆ ಇದೆಯಾ? ಪ್ಯಾಡ್ ಇನ್ನೂ ಇಳಿಸಬೇಕೆಂದರೆ ಮೊಣಕಾಲು ಹೊಟ್ಟೆಗೆ ತಾಗಿ ಅಡ್ಡಿಯಾಗುತ್ತಿದೆಯಾ? ನಾಲ್ಕಕ್ಕೂ ಹೌದು ಅನ್ನುವಂತಿದ್ದರೆ ರೋಡ್ ಫ್ರೇಮ್ ಕೊಡಬಹುದಾದ್ದನ್ನು ಕೊಟ್ಟು ಮುಗಿಸಿದೆ ಎಂದರ್ಥ. ಆಗ ಮೀನಮೇಷ ಎಣಿಸದೆ ಟ್ರೈ ಬೈಕ್ ಕೊಳ್ಳಿ. ಇಂಥ ಸ್ಪರ್ಧೆಗಳಲ್ಲಿ ಬೇರೆಯವರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವುದು ನಿಷಿದ್ಧ. ಐರನ್‌ಮ್ಯಾನ್‌ನಲ್ಲಿ ವೃತ್ತಿಪರರಲ್ಲದ ವಯೋವರ್ಗದವರಿಗೆ ಮುಂಚಕ್ರದಿಂದ ಮುಂಚಕ್ರಕ್ಕೆ 12 ಮೀಟರ್ ಅಂತರ, ದಾಟಲು 25 ಸೆಕೆಂಡ್. 90 ಕಿ.ಮೀ. ಉದ್ದಕ್ಕೂ ಗಾಳಿಯನ್ನು ಒಬ್ಬರೇ ಎದುರಿಸಬೇಕಾದ್ದರಿಂದಲೇ ಈ ಸೈಕಲ್ ಹುಟ್ಟಿದ್ದು. ಹಿಂಬಾಲಿಸಲು ಅವಕಾಶವಿರುವ, ಡ್ರಾಫ್ಟ್ ಲೀಗಲ್ ಎನ್ನುವ ಸ್ಪರ್ಧೆಗಳಲ್ಲಿ ಮಾತ್ರ ಟ್ರೈ ಬೈಕಿಗೆ ಪ್ರವೇಶವಿಲ್ಲ, ರೋಡ್ ಬೈಕೇ ಬೇಕು.

ಹೊಸ ಟ್ರೈ ಬೈಕ್ ಎರಡೂವರೆ ಲಕ್ಷದ ಕೆಳಗೆ ಸಿಗುವುದು ಅಪರೂಪ. ಹಾಗಾಗಿ ಜನ ಪುಣೆ, ಮುಂಬೈ, ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತಾರೆ. ಅಲ್ಲಿ ಕೈ ಸುಟ್ಟುಕೊಳ್ಳುವುದು ಸುಲಭ. ಕೆಲವು ಹಳೆಯ ಮಾದರಿಗಳಲ್ಲಿ ಹಿಂದಿನ ಬ್ರೇಕ್ ಬಾಟಮ್ ಬ್ರಾಕೆಟ್ ಕೆಳಗೆ ಅಡಗಿರುತ್ತದೆ, ನಮ್ಮ ಕೆಂಪು ಕೆಸರೆಲ್ಲ ಅಲ್ಲೇ ಸೇರುತ್ತದೆ. ಟೈರ್ 23 ಅಥವಾ 25 ಮಿ.ಮೀ. ಮೀರಿ ಹಿಡಿಸುವುದಿಲ್ಲ. ಸ್ಟೆಮ್, ಸೀಟ್‌ಪೋಸ್ಟ್, ಬ್ರೇಕ್ ಎಲ್ಲ ಆ ಮಾದರಿಗೇ ಮೀಸಲಾದವು. ಒಂದು ಬೆಣೆ ಕಳೆದರೂ ಬದಲಿ ಸಿಗದೆ ಇಡೀ ಸೈಕಲ್ ಮೂಲೆ ಸೇರುತ್ತದೆ. ನೋಡಲು ಹೋದಾಗ ಸೀಟ್‌ಪೋಸ್ಟನ್ನು ಹೊರಗೆಳೆದು ನೋಡಿ. ಅಲುಗದಿದ್ದರೆ ಫ್ರೇಮಿನೊಳಗೆ ಅಂಟಿಕೊಂಡಿದೆ. ಮುಂಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲಾದರೂ ತಡೆದು ನಿಂತರೆ ಹ್ಯಾಂಡಲ್ ತಿರುಗುವ ಹೆಡ್‌ಸೆಟ್ ಬೇರಿಂಗ್ ತುಕ್ಕು ಹಿಡಿದಿದೆ. ಏರೋಬಾರ್ ಮೇಲೆ ಮಲಗಿದವರ ಬೆವರು, ಬಾಟಲಿಯ ಸಕ್ಕರೆ ನೀರು ತೊಟ್ಟಿಕ್ಕುವುದು ನೇರ ಅಲ್ಲಿಗೇ. ಫ್ರೇಮ್ ಅಳತೆಯನ್ನು 52, 54 ಎಂಬ ಸಂಖ್ಯೆ ನೋಡಿ ನಿರ್ಧರಿಸಬೇಡಿ. ಸ್ಟ್ಯಾಕ್ ಮತ್ತು ರೀಚ್ ಅಂದರೆ ಬಾಟಮ್ ಬ್ರಾಕೆಟ್‌ನಿಂದ ಫ್ರೇಮಿನ ಮುಂದಿನ ಕೊಳವೆಯಾದ ಹೆಡ್ ಟ್ಯೂಬ್‌ನ ಮೇಲ್ತುದಿಗೆ ಇರುವ ಎತ್ತರ, ಅಡ್ಡದೂರ. ನಿಮ್ಮ ಕ್ಲಿಪ್-ಆನ್ ಪ್ಯಾಡುಗಳು ಬಾಟಮ್ ಬ್ರಾಕೆಟ್‌ನಿಂದ ಎಷ್ಟು ಮೇಲೆ, ಎಷ್ಟು ಮುಂದೆ ಇವೆಯೆಂದು ಅಳೆದುಕೊಂಡು ಹೋಗಿ, ಹೊಸ ಫ್ರೇಮಿನಲ್ಲಿ ಪ್ಯಾಡ್ ಅಲ್ಲಿಗೇ ಬರುತ್ತದೆಯೇ ಎಂದು ನೋಡಿ. ಕ್ಲಿಪ್-ಆನ್ ಜೊತೆ ಕಳೆದ ತಿಂಗಳುಗಳು ಇಲ್ಲಿ ನೇರ ಉಪಯೋಗಕ್ಕೆ ಬರುತ್ತವೆ.

ಕಡಲ ಗಾಳಿಯ ಊರಿನಲ್ಲಿ ಯಾವ ಸೈಕಲ್ ಆದರೂ ಸವಾರಿ ಮುಗಿದ ಕೂಡಲೇ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಬೇಕು. ಹ್ಯಾಂಡಲ್ ಬೋಲ್ಟು, ಹೆಡ್‌ಸೆಟ್ ಮುಚ್ಚಳ, ಪ್ಯಾಡಿನ ತಿರುಪುಗಳನ್ನು ಮರೆಯಬೇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೆಡ್‌ಸೆಟ್ ಬಿಚ್ಚಿಸಿ ಗ್ರೀಸ್ ಹಾಕಿಸಿ. ಸ್ಪರ್ಧೆಗೆಂದು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ರೈಲಿನಲ್ಲಿ ಸೈಕಲ್ ತರುವವರು ಬಿಚ್ಚುವ ಮುನ್ನ ಸೀಟ್‌ಪೋಸ್ಟ್, ಸೀಟಿನ ಹಳಿ, ಎಕ್ಸ್‌ಟೆನ್ಶನ್ ಮೂರಕ್ಕೂ ಎಲೆಕ್ಟ್ರಿಕ್ ಟೇಪಿನಿಂದ ಗುರುತು ಸುತ್ತಿಕೊಳ್ಳಿ. ಕ್ಲಿಪ್-ಆನ್ ರೋಡ್ ಬೈಕಾದರೆ ಹೋಟೆಲ್ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಜೋಡಿಸಬಹುದು. ಕೇಬಲ್ ಒಳಗೆ ಹಾದುಹೋಗುವ ಟ್ರೈ ಬೈಕಿಗೆ ಮೆಕ್ಯಾನಿಕ್ ಬೇಕಾಗಬಹುದು, ಆದ್ದರಿಂದ ಒಂದು ದಿನ ಮುಂಚೆಯೇ ಬಂದು ಸೇರಿ.